ಕಾಣದವರ ದಾಕ್ಷಿಣ್ಯ

ಆನ್‌ಲೈನ್ ಮಾರುಕಟ್ಟೆಯಲ್ಲಿ ಕೊಟ್ಟ ಆರ್ಡರನ್ನು ರದ್ದು ಮಾಡಲು ಹೊರಟರೆ ಆ್ಯಪ್ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತದೆ: ಕಾರಣವೇನು? ಉತ್ತರಗಳನ್ನೂ ಅದೇ ಬರೆದಿಟ್ಟಿರುತ್ತದೆ. ಮನಸ್ಸು ಬದಲಾಯಿತು. ಬೇರೆ ಕಡೆ ಕಡಿಮೆಗೆ ಸಿಕ್ಕಿತು. ತಲುಪುವುದು ತಡವಾಗುತ್ತದೆ. ಕೈತಪ್ಪಿ ಆರ್ಡರ್ ಆಯಿತು. ಯಾವುದಾದರೊಂದನ್ನು ಒತ್ತಿದರೆ ಕೆಲಸ ಮುಗಿಯಿತು. ಆ ಪಟ್ಟಿಯಲ್ಲಿರುವುದೆಲ್ಲ ಕೊಳ್ಳುವವನ ಕಡೆಯ ಮಾತು. ಅತ್ತ ಕಡೆ ಯಾರಿದ್ದಾರೆ, ಅವರು ಅಷ್ಟರಲ್ಲಿ ಏನೇನು ಮಾಡಿ ಮುಗಿಸಿದ್ದಾರೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಆರ್ಡರ್ ಕೊಡುವುದೆಂದರೆ ಮಾತು ಕೊಡುವುದೇ? ಹೌದಾದರೆ ರದ್ದು ಮಾಡುವುದು ಮಾತಿಗೆ ತಪ್ಪುವುದೇ? ಪುಣೆಯ ನಮ್ಮ ಗೆಳೆಯರ ಗುಂಪಿನಲ್ಲಿ ಒಮ್ಮೆ ಈ ಪ್ರಶ್ನೆ ಎತ್ತಿದಾಗ ಎಲ್ಲರೂ ನಕ್ಕರು. "ಬಟನ್ ಕೊಟ್ಟಿರೋದೇ ಒತ್ತಲಿಕ್ಕೆ ಕಣೋ. ಇದರಲ್ಲಿ ಧರ್ಮಸಂಕಟ ಎಲ್ಲಿಂದ ಬಂತು?" ಎಂದ ಒಬ್ಬ. ಅವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಿಯಮವೇ ಬಿಟ್ಟುಕೊಟ್ಟಿರುವ ಕೆಲಸ ಮಾಡಿದವನನ್ನು ತಪ್ಪುಗಾರ ಎನ್ನುವುದು ಹೇಗೆ? ಅದಕ್ಕೇ ಮೊದಲು ನಿಯಮ ಏನು ಹೇಳುತ್ತದೆಂದು ನೋಡೋಣ.

ನಮ್ಮ ದೇಶದಲ್ಲಿ ಕೊಡುಕೊಳ್ಳುವ ಕರಾರುಗಳಿಗೆಲ್ಲ ಇಂದಿಗೂ ಆಧಾರವಾಗಿರುವುದು 1872ರ ಕರಾರು ಕಾಯಿದೆ. ಅಂಚೆಯಲ್ಲಿ ವ್ಯವಹಾರ ನಡೆಯುತ್ತಿದ್ದ ಕಾಲದ್ದು ಅದು. ನಾನು ನಿಮಗೆ ಒಂದು ಪ್ರಸ್ತಾವ ಕಳಿಸಿದೆ ಅನ್ನಿ. ನೀವು ಒಪ್ಪಿಗೆಯ ಕಾಗದ ಬರೆದು ಅಂಚೆಗೆ ಹಾಕುವವರೆಗೆ ನಾನು ನನ್ನ ಪ್ರಸ್ತಾವವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಕಾಗದ ನಿಮ್ಮ ಕೈಬಿಟ್ಟು ಹೊರಟಿತೋ, ಅದು ನನ್ನನ್ನು ತಲುಪುವ ಮೊದಲೇ ನಾನು ಕಟ್ಟುಬಿದ್ದೆ. ಕಾಯಿದೆಯ 4 ಮತ್ತು 5ನೇ ಕಲಮುಗಳ ಸಾರ ಇಷ್ಟು. ಇಂದಿನ ಮಾರಾಟ ತಾಣಗಳ ಷರತ್ತುಗಳನ್ನು ತಾಳ್ಮೆಯಿಂದ ಓದಿದರೆ ಹಲವು ಕಡೆ ಇದೇ ಅಂಚೆಯ ತರ್ಕ ಕಾಣುತ್ತದೆ. ಆರ್ಡರ್ ಬಂದಿದೆ ಎಂದು ಬರುವ ಸಂದೇಶ ಒಪ್ಪಿಗೆಯಲ್ಲ, ಬರೀ ಸ್ವೀಕೃತಿ. ಸರಕು ಹೊರಟಾಗಲೇ ಒಪ್ಪಿಗೆ. ಅಂದರೆ ಅಲ್ಲಿಯವರೆಗೆ ನಾನು ಕೇಳಿದ್ದೇನೆ, ಅವರು ಹೂಂ ಅಂದಿಲ್ಲ. ಕೇಳಿದ್ದನ್ನು ಬೇಡವೆಂದರೆ ಮಾತು ತಪ್ಪಿದಂತೆ ಹೇಗಾದೀತು? ಇಲ್ಲಿಗೆ ಗೆಳೆಯನೇ ಗೆದ್ದ.

ಆದರೆ ಸರಕು ಹೊರಟ ಮೇಲೂ ಎಷ್ಟೋ ಸಲ ಆ್ಯಪ್ ರದ್ದು ಮಾಡಲು ಬಿಡುತ್ತದೆ. ಬಿಡದಿದ್ದರೆ ಬಾಗಿಲಿಗೆ ಬಂದವನಿಗೆ 'ಬೇಡ, ವಾಪಸ್ ಒಯ್ಯಿ' ಅನ್ನುವ ದಾರಿ ಇದ್ದೇ ಇದೆ. ಕಾಯಿದೆಯ ಗೆರೆ ಒಂದು ಕಡೆ, ಆ್ಯಪಿನ ಗೆರೆ ಇನ್ನೊಂದು ಕಡೆ. ನ್ಯಾಯದ ಗೆರೆ ಎಲ್ಲಿದೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ನಮ್ಮ ಕಡೆಯ ಹಳೆಯ ವ್ಯಾಪಾರಕ್ಕೂ ಒಂದು ಗೆರೆ ಇತ್ತು. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಎಷ್ಟು ಹೊತ್ತಾದರೂ ಕುದುರಿಸಿ, ಒಪ್ಪಿಗೆಯಾಗದಿದ್ದರೆ ಕೈ ಕೊಡವಿ ಎದ್ದುಹೋಗಬಹುದಿತ್ತು. ಸಂಚಕಾರ ಕೊಟ್ಟ ಮೇಲೆ ಮಾತ್ರ ಹಾಗಿಲ್ಲ. ಸಂಚಕಾರವೆಂದರೆ ಮಾತು ಗಟ್ಟಿಯಾಯಿತು ಎಂಬುದಕ್ಕೆ ಕೊಡುವ ಮುಂಗಡ. ಅದನ್ನು ತೆಗೆದುಕೊಂಡವನು ಆ ಎತ್ತನ್ನು ಇನ್ನೊಬ್ಬನಿಗೆ ತೋರಿಸುವಂತಿಲ್ಲ. ಕೊಟ್ಟವನು ಹಿಂದೆ ಸರಿದರೆ ಆ ಹಣದ ಆಸೆ ಬಿಡಬೇಕು. ಇವತ್ತು ಈ ಪದ 'ಪ್ರಾಣಕ್ಕೆ ಸಂಚಕಾರ' ಎಂಬ ಪತ್ರಿಕೆಗಳ ಮಾತಿನಲ್ಲಷ್ಟೇ ಹೆಚ್ಚಾಗಿ ಉಳಿದುಕೊಂಡಿದೆ. ಆ ಪದ್ಧತಿಯೊಳಗಿನ ವಿವೇಕ ನನಗೆ ಹಿಡಿಸುತ್ತದೆ. ಮನುಷ್ಯರು ಮನಸ್ಸು ಬದಲಾಯಿಸುತ್ತಾರೆ ಎಂಬುದನ್ನು ಅದು ಒಪ್ಪಿಕೊಂಡಿತ್ತು. ಬದಲಾಯಿಸಿದವನನ್ನು ಪಾಪಿ ಎನ್ನಲಿಲ್ಲ. ಅವನ ಮಾತು ನಂಬಿ ಒಂದು ದಿನದ ಜಾತ್ರೆ ಕಳೆದುಕೊಂಡವನಿಗೆ ಏನಾದರೂ ಸಿಗಬೇಕು ಎಂದಿತು, ಅಷ್ಟೆ.

ಬೋಣಿಯ ಹೊತ್ತಿನಲ್ಲೂ ಇಂಥದೇ ಒಂದು ಕಟ್ಟುಪಾಡು. ಬೆಳಗಿನ ಮೊದಲ ಗಿರಾಕಿ ಬೆಲೆ ಕೇಳಿ, ಚೌಕಾಸಿ ಮಾಡಿ, ಕೊಳ್ಳದೆ ಹೋದರೆ ವ್ಯಾಪಾರಿಯ ಮುಖ ಬಾಡುತ್ತಿತ್ತು. ಮುಂಬೈ, ಪುಣೆಗಳ ರಸ್ತೆಬದಿಯಲ್ಲಿ ಇಂದಿಗೂ 'ಬೋಹನಿ' ಎಂಬ ಮಾತು ಕೇಳಿದರೆ ನಾವು ಐದು ರೂಪಾಯಿ ಹೆಚ್ಚು ಕೊಟ್ಟು ಮುಂದೆ ಹೋಗುತ್ತೇವೆ. ಇದಕ್ಕೆಲ್ಲ ಕನ್ನಡದಲ್ಲಿ ಒಂದು ಹೆಸರಿದೆ: ದಾಕ್ಷಿಣ್ಯ. ಇನ್ನೂ ಬಿಡಿಸಿ ಹೇಳಿದರೆ ಮುಖದಾಕ್ಷಿಣ್ಯ. ಎದುರಿಗೆ ಮುಖವೊಂದಿದೆ, ಆದ್ದರಿಂದ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಆನ್‌ಲೈನಿನಲ್ಲಿ ಮುಖವಿಲ್ಲ, ಹಾಗಾಗಿ ದಾಕ್ಷಿಣ್ಯವೂ ಇಲ್ಲ.

ಇಷ್ಟು ಹೇಳಿ, 'ಆ ಕಾಲವೇ ಚೆನ್ನಾಗಿತ್ತು' ಎಂದು ಮುಗಿಸಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸೀರೆಯ ಅಂಗಡಿಯಲ್ಲಿ ಗಾದಿಯ ಮೇಲೆ ಕೂರಿಸಿ, ನೀರು ಕೊಟ್ಟು, ನಲವತ್ತು ಸೀರೆ ಬಿಚ್ಚಿ ಹರವಿದ ಮೇಲೆ ಬರಿಗೈಯಲ್ಲಿ ಏಳುವುದು ಹೇಗೆ? ನಮ್ಮಮ್ಮನ ಟ್ರಂಕಿನಲ್ಲಿ ಇಂಥ ದಾಕ್ಷಿಣ್ಯದ ಸೀರೆಗಳು ಮೂರೋ ನಾಲ್ಕೋ ಇದ್ದವು. ಉಡಲಿಲ್ಲ, ಕೊಡಲಿಲ್ಲ. ದುಡ್ಡಿಲ್ಲದವರಿಗೆ ಆ ಗಾದಿ ಒಂದು ಬೋನು. ಮುಖ ನೋಡಿ ಮಣೆ ಹಾಕುವುದು ಎಂಬ ಮಾತೂ ಅದೇ ಪೇಟೆಯಲ್ಲಿ ಹುಟ್ಟಿರಬೇಕು. ಉಟ್ಟ ಬಟ್ಟೆ ನೋಡಿ, ಬಂದ ಕೇರಿ ನೋಡಿ, ಕೆಲವರಿಗೆ ಗಾದಿ, ಕೆಲವರಿಗೆ ಹೊಸ್ತಿಲಾಚೆಯ ಕಟ್ಟೆ. ಬೇರೆ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತ ಅಡ್ಡಹೆಸರಿನ ವಿಚಾರಣೆಗೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಆ್ಯಪ್ ನಮ್ಮ ಪಿನ್‌ಕೋಡ್ ಕೇಳುತ್ತದೆ, ಜಾತಿ ಕೇಳುವುದಿಲ್ಲ. 'ಬೇಡ' ಎನ್ನಲು ಧೈರ್ಯ ಸಾಲದವರಿಗೂ ಒಂದು ಬಟನ್ ಕೊಟ್ಟಿದೆ. ಮುಖವಿಲ್ಲದ ವ್ಯಾಪಾರ ತಂದ ಈ ಬಿಡುಗಡೆ ಸಣ್ಣದಲ್ಲ.

ರದ್ದು ಮಾಡುವ ಹಕ್ಕಿಗೆ ಇನ್ನೂ ಒಂದು ನ್ಯಾಯವಾದ ಕಾರಣವಿದೆ. ಅಂಗಡಿಯಲ್ಲಿ ಬಟ್ಟೆಯನ್ನು ಮುಟ್ಟಿ, ಬೆಳಕಿಗೆ ಹಿಡಿದು, ನೂಲು ಎಳೆದು ನೋಡುತ್ತೇವೆ. ಇಲ್ಲಿ ಚಿತ್ರ ನೋಡಿ ಹಣ ಕೊಡುತ್ತೇವೆ. ಮುಟ್ಟಿ ನೋಡುವ ಅವಕಾಶದ ಬದಲಿಗೆ ಸಿಕ್ಕಿದ್ದು ಹಿಂದೆ ಸರಿಯುವ ಅವಕಾಶ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ ಇದೇ ಕಾರಣಕ್ಕೆ, ದೂರದಿಂದ ಕೊಂಡ ಸರಕನ್ನು 14 ದಿನಗಳೊಳಗೆ ಕಾರಣ ಹೇಳದೆ ಬಿಟ್ಟುಬಿಡುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಅಂಥ ಏಕರೂಪದ ಅವಧಿ ಇಲ್ಲ. ಆಯಾ ತಾಣದ ನಿಯಮವೇ ನಿಯಮ.

ಅಲ್ಲದೆ ನಾವು ಕೊಡುವ ಆರ್ಡರ್ ಯಾವಾಗಲೂ ನಮ್ಮ ಸ್ವಂತ ಮನಸ್ಸಿನಿಂದ ಬಂದದ್ದೇ ಎಂಬುದೂ ಖಾತ್ರಿಯಲ್ಲ. 'ಇನ್ನು ಎರಡೇ ಉಳಿದಿವೆ', 'ಹತ್ತು ನಿಮಿಷದಲ್ಲಿ ಈ ಬೆಲೆ ಮುಗಿಯುತ್ತದೆ' ಎಂಬ ಗಡಿಯಾರಗಳು ಕೆಲವೊಮ್ಮೆ ಬರೀ ಬೆದರಿಕೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇಂಥ ವಂಚಕ ವಿನ್ಯಾಸಗಳನ್ನು 'ಡಾರ್ಕ್ ಪ್ಯಾಟರ್ನ್ಸ್' ಎಂದು ಕರೆದು, 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಏನನ್ನಾದರೂ ಸೇರಿಸುವುದು, ಬೇಡವೆನ್ನುವವನಿಗೆ ನಾಚಿಕೆಯಾಗುವಂತೆ ಮಾತು ಹೆಣೆಯುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಹೀಗೆ ಹೆದರಿಸಿಯೋ ಮರುಳು ಮಾಡಿಯೋ ಕಿತ್ತುಕೊಂಡ ಒಪ್ಪಿಗೆಗೆ ಮಾತಿನ ತೂಕವಿಲ್ಲ. ಅಂಥ ಆರ್ಡರನ್ನು ಎಚ್ಚರವಾದ ಕೂಡಲೇ ರದ್ದು ಮಾಡುವುದು ತಪ್ಪಲ್ಲ. ಅದು ಬುದ್ಧಿ ಮರಳಿ ಕೈಗೆ ಬಂದ ಲಕ್ಷಣ.

ಇಷ್ಟು ಬಟನ್ನಿನ ಪರವಾದ ಮಾತು. ಈಗ ಬಟನ್ ಒತ್ತಿದ ಮೇಲೆ ಅತ್ತ ಏನಾಗುತ್ತದೆ ನೋಡೋಣ.

ಗುಳೇದಗುಡ್ಡದ ಖಣವನ್ನು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುವ ದೂರದ ಸಂಬಂಧಿಯೊಬ್ಬರು ನನಗಿದ್ದಾರೆ. ಅಕ್ಕ ಎಂದೇ ಕರೆಯುತ್ತೇನೆ. ಖಣಕ್ಕೆ ಮಹಾರಾಷ್ಟ್ರದಲ್ಲಿ ಮೊದಲಿನಿಂದಲೂ ಬೇಡಿಕೆ. ಇಲ್ಲಿ ಓಟಿ ತುಂಬಲು, ನಮ್ಮಲ್ಲಿ ಉಡಿ ತುಂಬಲು ಅದೇ ಬಟ್ಟೆ. ಆರ್ಡರ್ ಬಂದ ಕೂಡಲೇ ಆ ತುಂಡು ಅವರ ಲೆಕ್ಕದಿಂದ ಕಳೆದುಹೋಗುತ್ತದೆ, ಇನ್ನೊಬ್ಬರಿಗೆ ಕಾಣುವುದಿಲ್ಲ. ಹೇಳಿದ ಹೊತ್ತಿನೊಳಗೆ ಚೀಟಿ, ಬಿಲ್ಲು ಮುದ್ರಿಸಿ, ಮಡಚಿ, ಕವರಿಗೆ ಹಾಕಿ, ಟೇಪು ಅಂಟಿಸಿ ಕೊರಿಯರಿನವನಿಗೆ ಕೊಡಬೇಕು. ಅಲ್ಲಿಂದ ಒಂದು ಗೋದಾಮು, ಇನ್ನೊಂದು ಗೋದಾಮು, ಕೊನೆಗೆ ಯಾರದೋ ಬೈಕಿನ ಚೀಲ. ನಡುವೆ ಎಲ್ಲೇ ರದ್ದಾದರೂ ಪೊಟ್ಟಣ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಈ ವ್ಯಾಪಾರದವರ ಭಾಷೆಯಲ್ಲಿ ಅದು 'ಆರ್‌ಟಿಓ', ಹೊರಟಲ್ಲಿಗೇ ವಾಪಸು. ಲೈಸೆನ್ಸ್ ಕೊಡುವ ಆರ್‌ಟಿಓಗಿಂತ ಈ ಆರ್‌ಟಿಓ ಎಂದರೇ ಅಕ್ಕನಿಗೆ ಹೆಚ್ಚು ಭಯ. ಸಾಗಣೆಯ ಖರ್ಚು ಯಾರ ತಲೆಗೆ ಎಂಬ ನಿಯಮ ತಾಣದಿಂದ ತಾಣಕ್ಕೆ ಬೇರೆ. ಅದು ಮಾರುವವರ ಮೇಲೆ ಬರದ ಕಡೆಯಲ್ಲೂ ಕವರು, ಟೇಪು, ಕೆಲಸದ ಹೊತ್ತು, ಮುದುಡಿ ಬಂದ ಬಟ್ಟೆಯ ಇಸ್ತ್ರಿ ಅವರವೇ.

ಗೌರಿ ಗಣಪತಿ ಹಬ್ಬದ ಮುಂಚೆ ಅಕ್ಕನಿಗೆ ಪುಣೆ, ಮುಂಬೈಗಳಿಂದ ಆರ್ಡರ್ ಹೆಚ್ಚು. ಒಂದು ವರ್ಷ ಹೀಗೆ ಹೋದ ಕೆಲವು ಖಣಗಳು ಬಾಗಿಲಲ್ಲೇ ನಿರಾಕರಣೆಯಾಗಿ, ಹಬ್ಬ ಮುಗಿದ ಮೇಲೆ ಮನೆಗೆ ಬಂದವು. ಎಷ್ಟು ಲಾಸಾಯಿತು ಎಂದು ಕೇಳಿದೆ. "ರೊಕ್ಕ ಹೋದ್ರ ಹೋಗ್ಲಿ, ಹಬ್ಬ ಹೋತಲ್ಲ ತಮ್ಮಾ. ಆ ನಾಕ ದಿನದಾಗ ಬ್ಯಾರೆ ಯಾರರ ತಗೊಂತಿದ್ರು" ಎಂದರು. ಸಂಚಕಾರದ ಹಿಂದಿದ್ದ ಲೆಕ್ಕ ಇದೇ. ಬೇಡವೆಂದವನು ಬಟ್ಟೆಯನ್ನು ಹಾಗೇ ಹಿಂದಿರುಗಿಸಿದ. ಬಟ್ಟೆ ಹಾಳಾಗಿಲ್ಲ. ಆದರೆ ಆ ಬಟ್ಟೆಗೆ ಇನ್ನೊಬ್ಬ ಗಿರಾಕಿ ಸಿಗಬಹುದಾಗಿದ್ದ ನಾಲ್ಕು ದಿನಗಳನ್ನು ಯಾರು ಹಿಂದಿರುಗಿಸಬೇಕು?

ಬೈಕಿನವನದು ಇನ್ನೊಂದು ಕಥೆ. ಅನೇಕ ಕಡೆ ಅವರಿಗೆ ತಲುಪಿಸಿದ ಪೊಟ್ಟಣಕ್ಕೆ ಇಷ್ಟು ಎಂದು ಹಣ. ನಮ್ಮ ಸೊಸೈಟಿಯ ಗೇಟಿನಲ್ಲಿ ಹೆಸರು ಬರೆಸಿ, ಲಿಫ್ಟಿಗೆ ಕಾದು, ಬಾಗಿಲು ತಟ್ಟಿ, 'ಬೇಡ' ಎಂದು ಕೇಳಿಸಿಕೊಂಡು ಇಳಿದರೆ, ಹಾಗೆ ಹಣ ಸಿಗುವ ಕಡೆ, ಆ ಹತ್ತು ನಿಮಿಷಕ್ಕೂ ಪೆಟ್ರೋಲಿಗೂ ಯಾರ ಲೆಕ್ಕದಲ್ಲೂ ಜಾಗವಿಲ್ಲ. ಅವನು ನನ್ನ ಕರಾರಿನ ಪಕ್ಷಗಾರನಲ್ಲ. ಆದರೂ ನನ್ನ ಮನಸ್ಸು ಬದಲಾದದ್ದರ ಖರ್ಚಿನ ಒಂದು ಪಾಲು ಕೊಟ್ಟವನು ಅವನು.

ಇಲ್ಲಿ ಗೆಳೆಯ ಮತ್ತೆ ಒಂದು ಒಳ್ಳೆಯ ಆಕ್ಷೇಪ ಎತ್ತಿದ. ಅವನು ಮಾರಾಟ ವಿಭಾಗದಲ್ಲಿ ದುಡಿಯುವವನು. "ರದ್ದಾಗುವ ಆರ್ಡರುಗಳ ಖರ್ಚನ್ನು ವ್ಯಾಪಾರಿ ಮೊದಲೇ ಬೆಲೆಯಲ್ಲಿ ಸೇರಿಸಿರುತ್ತಾನೆ. ನಾನು ಕೊಳ್ಳುವ ಪ್ರತಿ ವಸ್ತುವಿನಲ್ಲೂ ಅದಕ್ಕೆ ಹಣ ಕಟ್ಟಿದ್ದೇನೆ. ಕಟ್ಟಿದ ಮೇಲೆ ಉಪಯೋಗಿಸಿದರೆ ತಪ್ಪೇನು?" ಈ ವಾದದಲ್ಲಿ ಹುರುಳಿದೆ. ಇದೊಂದು ಬಗೆಯ ವಿಮೆ. ಆದರೆ ವಿಮೆ ಇದೆ ಎಂದು ಯಾರೂ ಬೇಕೆಂದೇ ಕಾರು ಗುದ್ದುವುದಿಲ್ಲ. ಗುದ್ದುವವರು ಹೆಚ್ಚಾದರೆ ನೆಟ್ಟಗೆ ಓಡಿಸುವವರ ಕಂತು ಏರುತ್ತದೆ. ಹತ್ತು ಜನರಲ್ಲಿ ಇಬ್ಬರು ರದ್ದು ಮಾಡಿದರು ಎಂದುಕೊಳ್ಳಿ. ಆ ಖರ್ಚು ಬೆಲೆಯಲ್ಲಿ ಸೇರಿಕೊಂಡು ಉಳಿದ ಎಂಟು ಜನರ ಮೇಲೆ ಬಿತ್ತು. ಇನ್ನೊಂದು ಮಾತು: ದಿನಕ್ಕೆ ಸಾವಿರಾರು ಪೊಟ್ಟಣ ಕಳಿಸುವವರಿಗೆ ಈ ಸರಾಸರಿ ಸರಿಹೋಗುತ್ತದೆ. ವಾರಕ್ಕೆ ಹತ್ತು ಕಳಿಸುವ ಅಕ್ಕನಂಥವರಿಗೆ ಸರಾಸರಿ ಎಂಬುದೇ ಇಲ್ಲ. ಒಂದು ವಾರ ಮೂರು ವಾಪಸಾದರೆ ಆ ವಾರವೇ ಮುಳುಗಿತು. ಪರದೆಯ ಮೇಲೆ ಇಬ್ಬರ ಸರಕೂ ಒಂದೇ ಬಣ್ಣದ ಚೌಕದಲ್ಲಿ ಒಂದೇ ಥರ ಕಾಣುತ್ತದೆ. ನಾನು ಯಾರನ್ನು ಮುಟ್ಟುತ್ತಿದ್ದೇನೆ ಎಂದು ನನಗೆ ಗೊತ್ತಾಗುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಅದು ಎರಡು ಕಡೆ ಇರಬಹುದು ಎಂದು ನನ್ನ ಎಣಿಕೆ. ಒಂದು ಆರ್ಡರ್ ಕೊಡುವಾಗಿನ ಮನಸ್ಸಿನಲ್ಲಿ. ಇನ್ನೊಂದು ರದ್ದು ಮಾಡುವ ಹೊತ್ತಿನಲ್ಲಿ.

ಮೊದಲನೆಯದಕ್ಕೆ ಜರ್ಮನ್ ತತ್ತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ ನೆರವಾಗುತ್ತಾನೆ. ನೀತಿತತ್ತ್ವದ ಬುನಾದಿಯನ್ನು ಕುರಿತು 1785ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನೊಂದು ಉದಾಹರಣೆ ಕೊಡುತ್ತಾನೆ. ಕಷ್ಟದಲ್ಲಿರುವವನೊಬ್ಬ ತೀರಿಸಲಾಗದೆಂದು ಗೊತ್ತಿದ್ದೂ ತೀರಿಸುತ್ತೇನೆಂದು ಹೇಳಿ ಸಾಲ ಪಡೆಯಲು ಯೋಚಿಸುತ್ತಾನೆ. ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥ ಉಳಿಯುವುದಿಲ್ಲ, ಯಾರೂ ಯಾರನ್ನೂ ನಂಬುವುದಿಲ್ಲ ಎಂಬುದು ಕಾಂಟನ ತರ್ಕ. ಇಲ್ಲಿ ಗಮನಿಸಬೇಕಾದದ್ದು ಸಾಲ ತೀರಿಸಲಾಗದೆ ಹೋದದ್ದಲ್ಲ. ಮಾತು ಕೊಡುವಾಗಲೇ ಅದು ಸುಳ್ಳಾಗಿತ್ತು ಎಂಬುದು. ಪ್ರಾಮಾಣಿಕವಾಗಿ ಬೇಕೆಂದು ಕೇಳಿ, ಆಮೇಲೆ ಬೇಡವಾದದ್ದು ಒಂದು. ಮೂರು ಅಳತೆಯ ಬೂಟು ತರಿಸಿ, ಹೊಂದಿದ್ದೊಂದನ್ನು ಇಟ್ಟುಕೊಂಡು ಎರಡನ್ನು ಬಾಗಿಲಲ್ಲೇ ವಾಪಸು ಕಳಿಸೋಣ ಎಂದುಕೊಂಡೇ ಒತ್ತಿದ್ದು ಇನ್ನೊಂದು. ಎರಡನೆಯದರಲ್ಲಿ ಆರ್ಡರ್ ಎಂಬ ಪದವೇ ಸುಳ್ಳು. ಆನ್‌ಲೈನ್ ವ್ಯಾಪಾರದ ಮೇಲೆ ನಂಬಿಕೆಯಿಲ್ಲದವರನ್ನು, ಕಾರ್ಡ್ ಇಲ್ಲದವರನ್ನು ಒಳಗೆ ಕರೆತಂದದ್ದು ಮನೆಬಾಗಿಲಲ್ಲಿ ಹಣ ಕೊಡುವ ಪದ್ಧತಿ. ಫ್ಲಿಪ್‌ಕಾರ್ಟ್ ಅದನ್ನು 2010ರಲ್ಲಿ ತಂದಿತು. ಅನೇಕ ತಾಣಗಳು ಈಗ ಅದಕ್ಕೆ ಬೇರೆ ಶುಲ್ಕ ಹಾಕುತ್ತವೆ. ಸುಳ್ಳು ಆರ್ಡರುಗಳು ಹೆಚ್ಚಿದಷ್ಟೂ ಈ ಬಾಗಿಲು ಕಿರಿದಾಗುತ್ತದೆ. ಮೊದಲು ಹೊರಗುಳಿಯುವವರು ಊರಿನಲ್ಲಿರುವ ನಮ್ಮ ಅಪ್ಪ ಅಮ್ಮಂದಿರಂಥವರು.

ಎರಡನೆಯದು ಹೊತ್ತಿನ ಪ್ರಶ್ನೆ. ನನಗೆ ತೋಚಿದ ಗೆರೆ ಸರಳವಾಗಿದೆ: ನನ್ನ ಮಾತು ನಂಬಿ ಯಾರಾದರೂ ಕೆಲಸಕ್ಕೆ ಕೈಹಾಕಿದ ಗಳಿಗೆಯಿಂದ ಅದು ಮಾತು. ಅಲ್ಲಿಯವರೆಗೆ ಅದು ಬರೀ ವಿಚಾರಣೆ. ಈ ಗೆರೆ ಎಲ್ಲ ಸರಕಿಗೂ ಒಂದೇ ಕಡೆ ಬೀಳುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಗೋದಾಮಿನಲ್ಲಿ ಕೂತಿರುವ ಚಾರ್ಜರಿಗೆ ಅದು ಪ್ಯಾಕ್ ಆಗುವ ಹೊತ್ತು. ಊಟಕ್ಕೆ ಒಲೆ ಹಚ್ಚಿದ ಹೊತ್ತು. ಇಂಥದೇ ಬಣ್ಣ, ಇಂಥದೇ ಅಂಚು ಎಂದು ಹೇಳಿ ನೇಯಿಸುವ ಇಳಕಲ್ ಸೀರೆಗೆ ಇನ್ನೂ ಮೊದಲು. ಆ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆ ಸೀರೆಗೂ ಹಾಸು ಹೂಡಬೇಕು. ಹೂಡಿದ ಮೇಲೆ ಬೇಡವೆಂದರೆ ಮಗ್ಗವೇ ನನ್ನ ಮಾತಿಗೆ ಸಿಕ್ಕಿಬಿದ್ದಂತೆ. ಮೇಲೆ ಹೇಳಿದ ಯುರೋಪಿನ ನಿಯಮವೂ ಇದನ್ನು ಬಲ್ಲದು. ಗಿರಾಕಿ ಹೇಳಿದಂತೆ ಮಾಡಿಕೊಟ್ಟ ವಸ್ತುವಿಗೆ, ಬೇಗ ಕೆಡುವ ಪದಾರ್ಥಕ್ಕೆ ಆ 14 ದಿನಗಳ ಹಕ್ಕು ಇಲ್ಲ. ಹಕ್ಕಿರುವ ಸರಕಿನಲ್ಲೂ, ಮಾರುವವನು ತಾನೇ ಹೊರುತ್ತೇನೆ ಎನ್ನದಿದ್ದರೆ, ವಾಪಸು ಕಳಿಸುವ ಸಾಗಣೆ ಖರ್ಚು ಕೊಂಡವನದೇ. ಮನಸ್ಸು ಬದಲಾಯಿಸು, ಅದರ ಬಾಡಿಗೆ ನೀನೇ ಕೊಡು ಎನ್ನುವ ಈ ಮಾತು ನಮ್ಮ ಸಂಚಕಾರಕ್ಕೆ ತೀರ ಹತ್ತಿರ.

ಗೆರೆ ಎಳೆದ ಮೇಲೂ ತೊಡಕಿನ ಸಂದರ್ಭಗಳಿವೆ. ಆರ್ಡರ್ ಕೊಟ್ಟ ಮರುದಿನ ಅದೇ ವಸ್ತು ಬೇರೆ ಕಡೆ 200 ರೂಪಾಯಿ ಕಡಿಮೆಗೆ ಕಂಡಿತು. ಕೆಲಸ ಶುರುವಾಗಿಲ್ಲವಾದರೆ ರದ್ದು ಮಾಡಿ ಅಲ್ಲಿ ಕೊಳ್ಳುವುದರಲ್ಲಿ ನನಗೆ ತಪ್ಪು ಕಾಣದು. ಪೊಟ್ಟಣ ದಾರಿಯಲ್ಲಿದೆ ಎಂದಾದರೆ, ನನಗೆ ಉಳಿಯುವ 200 ರೂಪಾಯಿಯಲ್ಲಿ ಇನ್ನೊಬ್ಬರ ಜೇಬಿನದೂ ಸೇರಿದೆ. ಅಂಥ ಉಳಿತಾಯ ನನಗೆ ಬೇಡ. ಕೆಲಸ ಹೋಯಿತು, ಮನೆಯಲ್ಲಿ ಯಾರಿಗೋ ಆಸ್ಪತ್ರೆ ಎಂದಾದರೆ ಯಾವ ಹಂತದಲ್ಲೇ ಆದರೂ ಸಂಕೋಚವಿಲ್ಲದೆ ರದ್ದು ಮಾಡಬಹುದು. ಕಷ್ಟದಲ್ಲಿರುವವನ ಹೊರೆಯನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹೊರಲೆಂದೇ ಆ ವಿಮೆ ಇರುವುದು. ಚಿತ್ರದಲ್ಲಿ ತೋರಿಸಿದ್ದೊಂದು ಬಂದದ್ದೊಂದು ಆದರೆ ಮಾತು ತಪ್ಪಿದವರು ಅವರು, ನಾವಲ್ಲ. ಉಳಿದಂತೆ ಬರೀ ಬೇಸರಕ್ಕೆ ಬೇಡವಾದದ್ದನ್ನು ತೆಗೆದುಕೊಂಡು ಬೇರೆ ಯಾರಿಗಾದರೂ ಕೊಡುವ ದಾರಿಯೂ ಇದೆ.

'ಅವರು ರದ್ದು ಮಾಡುವುದಿಲ್ಲವೇ?' ಎಂಬ ಪ್ರಶ್ನೆ ನ್ಯಾಯವಾದದ್ದು. ಮಾಡುತ್ತಾರೆ. ಹೊರಡುವ ಹಿಂದಿನ ದಿನ 'ಸರಕು ಮುಗಿದಿದೆ' ಎಂಬ ಒಂದು ಸಾಲು ಕಳಿಸಿ ಕೈತೊಳೆದುಕೊಳ್ಳುತ್ತಾರೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಇಲ್ಲಿ ಒಂದು ಸಮಾನತೆ ತಂದಿವೆ. ತಾವಾಗಿಯೇ ರದ್ದು ಮಾಡಿದಾಗ ಅಂಥದೇ ದಂಡ ತೆರಲು ಸಿದ್ಧವಿಲ್ಲದ ಇ-ವಾಣಿಜ್ಯ ಸಂಸ್ಥೆ, ಖರೀದಿ ಖಚಿತವಾದ ಮೇಲೆ ರದ್ದು ಮಾಡಿದ ಗ್ರಾಹಕನಿಂದಲೂ ದಂಡ ಕೀಳುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಈ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂತವರು ಸಂಸ್ಥೆ ಮತ್ತು ನಾನು. ಬೈಕಿನವನಿಗೆ ಇದರಲ್ಲಿ ತಟ್ಟೆಯೇ ಇಲ್ಲ. ದೊಡ್ಡ ಸಂಸ್ಥೆಯ ಮೇಲಿನ ಸಿಟ್ಟನ್ನು ಬಟನ್ ಒತ್ತಿ ತೀರಿಸಿಕೊಂಡರೆ ಅದು ಹೋಗಿ ಬೀಳುವುದು ಸಂಸ್ಥೆಯ ಮೇಲಲ್ಲ, ನಾಲ್ಕನೇ ಮಹಡಿ ಹತ್ತಿ ಬಂದವನ ಮೇಲೆ.

ನಾವೆಲ್ಲ ಶಾಲೆಯಲ್ಲಿ ಪುಣ್ಯಕೋಟಿಯ ಕಥೆ ಕಲಿತವರು. ಮಾತು ಎಂದ ಕೂಡಲೇ ನಮಗೆ ಆ ಹಸು ನೆನಪಾಗುತ್ತದೆ, ಒಂದು ಕವರಿನ ಬೂಟಿಗೆ ಅಷ್ಟು ದೊಡ್ಡ ಮಾತೇಕೆ ಎಂದು ನಗುವೂ ಬರುತ್ತದೆ. ಹಸುವಿನ ಆದರ್ಶವನ್ನು ಇಲ್ಲಿ ಎಳೆದು ತರುವುದು ನನಗೂ ಬೇಡ. ನಾನು ಇತ್ತೀಚೆಗೆ ಯೋಚಿಸುವುದು ಹುಲಿಯ ಬಗ್ಗೆ. ಹಸಿದಿದ್ದ ಅದು ಕೈಗೆ ಸಿಕ್ಕಿದ್ದನ್ನು ಬಿಟ್ಟುಕೊಟ್ಟು, ಅಪರಿಚಿತಳ ಮಾತೊಂದನ್ನೇ ನಂಬಿ ಕಾದು ಕೂತಿತು. ಹಣ ಕೈಗೆ ಬರುವ ಮೊದಲೇ ಖಣವನ್ನು ಕವರಿಗೆ ಹಾಕಿ ಪುಣೆಗೆ ಕಳಿಸುವ ಅಕ್ಕ ಇರುವುದು ಆ ಜಾಗದಲ್ಲಿ. ಮೊದಲು ನಂಬಿದವರು ಅವರು. ಹುಲಿಗೆ ಹೋಲಿಸಿದೆನೆಂದು ಗೊತ್ತಾದರೆ ಅಕ್ಕ ಬೈದಾರು, ಇರಲಿ.

ಮುಖದಾಕ್ಷಿಣ್ಯ ನಮ್ಮ ಹಿರಿಯರನ್ನು ಕಟ್ಟಿಹಾಕಿತ್ತು. ಅದರಿಂದ ಬಿಡಿಸಿಕೊಂಡದ್ದು ಒಳ್ಳೆಯದೇ ಆಯಿತು. ಆ ಜಾಗದಲ್ಲಿ ಏನೂ ಇಲ್ಲದಿರುವುದು ಮಾತ್ರ ಒಳ್ಳೆಯದಲ್ಲ. ಈಗ ಬೇಕಾಗಿರುವುದು ಕಾಣದವರ ಮೇಲಿನ ದಾಕ್ಷಿಣ್ಯ. ಇದಕ್ಕೆ ನಾಚಿಕೆ ಬೇಕಿಲ್ಲ, ಮುಲಾಜೂ ಬೇಕಿಲ್ಲ. ಅತ್ತ ಏನು ನಡೆಯುತ್ತಿದೆ ಎಂಬ ತಿಳಿವಳಿಕೆ ಸಾಕು. ಊರು ಬಿಟ್ಟು ಬಂದು, ಹೆಸರು ಗೊತ್ತಿಲ್ಲದವರ ಕೆಲಸದ ಮೇಲೆ ದಿನ ದೂಡುವ ನಮಗೆ ಇದು ತೀರ ಹೊಸದೇನಲ್ಲ. ನಾವೂ ಯಾರಿಗೋ ಕಾಣದ ಕಡೆ ಕೂತು ದುಡಿಯುವವರೇ. ರಾತ್ರಿಯೆಲ್ಲ ಕೂತು ಮುಗಿಸಿದ ಕೆಲಸವನ್ನು ಅತ್ತ ಕಡೆಯವರು ಬೆಳಿಗ್ಗೆ ಒಂದು ಸಾಲಿನ ಮೇಲ್ ಕಳಿಸಿ 'ಇನ್ನು ಬೇಡ' ಅಂದದ್ದು ನಮ್ಮಲ್ಲಿ ಹಲವರ ಅನುಭವ.

ಬಳಕೆಯಲ್ಲಿ ಇದು ದೊಡ್ಡ ವ್ರತವೇನೂ ಅಲ್ಲ. ತೀರ್ಮಾನವಾಗದ ಮನಸ್ಸಿಗೆ ಆ್ಯಪಿನಲ್ಲೇ ಒಂದು ಜಾಗವಿದೆ, ಅದು ಕಾರ್ಟ್. ಅಲ್ಲಿ ಒಂದು ವಸ್ತು ತಿಂಗಳು ಕೂತರೂ ಯಾರೂ ಟೇಪು ಕತ್ತರಿಸುವುದಿಲ್ಲ, ಯಾರೂ ಬೈಕು ಹತ್ತುವುದಿಲ್ಲ. ಒಂದು ರಾತ್ರಿ ಅಲ್ಲಿಟ್ಟು ಬೆಳಿಗ್ಗೆ ನೋಡಬಹುದು. ರದ್ದು ಮಾಡುವುದೇ ಆದರೆ ಬೇಡವೆನ್ನಿಸಿದ ಗಳಿಗೆಯಲ್ಲೇ ಮಾಡಬಹುದು, ಬಾಗಿಲು ತಟ್ಟುವವರೆಗೆ ಕಾಯಬೇಕಿಲ್ಲ. ತಾಣಗಳು ಮನಸ್ಸು ಮಾಡಿದರೆ ರದ್ದು ಬಟನ್ನಿನ ಪಕ್ಕ ಒಂದು ಸಾಲು ಬರೆಯಬಹುದು: ನಿಮ್ಮ ಪೊಟ್ಟಣ ಈಗ ಇಲ್ಲಿದೆ, ವಾಪಸಾದರೆ ಖರ್ಚು ಇಂಥವರದು ಎಂದು. ಓದಿ ಒತ್ತುವವರು ಒತ್ತಲಿ.

ಈ ಗೆರೆಯನ್ನು ಎಲ್ಲರ ಮೇಲೂ ಒಂದೇ ಬಿಗಿಯಲ್ಲಿ ಹಾಕಲು ನನಗೆ ಧೈರ್ಯ ಸಾಲದು. ಪಿ.ಜಿ. ಬಾಡಿಗೆ ಕಟ್ಟಿ ತಿಂಗಳ ಕೊನೆಗೆ ಇನ್ನೂರು ರೂಪಾಯಿ ಉಳಿಸಿಕೊಂಡ ವಿದ್ಯಾರ್ಥಿಗೆ, ದಾರಿಯಲ್ಲಿರುವ ಬೂಟನ್ನು ಬೇಡವಾದರೂ ತಗೋ ಎಂದು ಹೇಳಲಾರೆ. ಅವನ ಇನ್ನೂರು ರೂಪಾಯಿಯೂ ಬೈಕಿನವನ ಇನ್ನೂರು ರೂಪಾಯಿಯೂ ತೂಕದಲ್ಲಿ ಹೆಚ್ಚು ಕಡಿಮೆ ಒಂದೇ. ನನ್ನಂಥ ಸಂಬಳದವರ ಲೆಕ್ಕ ಬೇರೆ. ನಮಗೆ ಆ ಹಣ ಒಂದು ವಾರಾಂತ್ಯದ ಕಾಫಿ. ಅದನ್ನು ಉಳಿಸಲು ಗುಳೇದಗುಡ್ಡಕ್ಕೆ ಒಂದು ಖಣವನ್ನು ಹಬ್ಬ ಮುಗಿದ ಮೇಲೆ ವಾಪಸು ಕಳಿಸುವುದು ನನಗೆ ಸರಿಯೆನ್ನಿಸುವುದಿಲ್ಲ.